ಮೂವತ್ತೆರಡು ಕೋರು, ಒಬ್ಬ ಗಾಜಿನವನು

ಕಂಪ್ಯೂಟರಿನ ತಾಕತ್ತು ತಿಳಿಯಬೇಕಾದರೆ ಅದಕ್ಕೆ ಸರಿಯಾಗಿ ಕಾಟ ಕೊಡಬೇಕು. ಸುಮ್ಮನೆ ಆನ್ ಮಾಡಿ, ಆಹಾ ಎಷ್ಟು ಬೇಗ ಎದ್ದಿತು ಅಂತ ಬೆನ್ನು ತಟ್ಟಿದರೆ ಲೋಕದ ಎಲ್ಲ ಡಬ್ಬಾಗಳೂ ಶೂರರೇ. ಗಡಿಯಾರದಕ್ಕನಿಗೆ ಸಂಬಳ ಬರುತ್ತಿದ್ದದ್ದೇ ಈ ಕಾಟ ಕೊಡುವ ಕೆಲಸಕ್ಕೆ. ಆಕೆ ಇದ್ದದ್ದು ಕಂಪ್ಯೂಟರು, ಸಾಫ್ಟ್‌ವೇರುಗಳನ್ನು ಪರೀಕ್ಷೆ ಮಾಡಿ ಬರೆಯುವ ಒಂದು ಸಣ್ಣ ಪತ್ರಿಕೆಯಲ್ಲಿ. ಎರಡನೇ ಮಹಡಿಯಲ್ಲಿ ಮೂರು ಕೋಣೆ, ಬಾಗಿಲು ಎಳೆದರೆ ಕಿರ್ರೋ ಅನ್ನುತ್ತದೆ, ತಳ್ಳಿದರೆ ತೆರೆಯುವುದೇ ಇಲ್ಲ. ಅಲ್ಲಿ ಕಿಟಕಿ ಪಕ್ಕದ ಉದ್ದ ಮೇಜಿನ ಮೇಲೆ ನಾಲ್ಕು ಯಂತ್ರ, ಅವುಗಳೆದುರು ಕೊರಳಿಗೆ ಸ್ಟಾಪ್‌ವಾಚ್ ನೇತುಹಾಕಿಕೊಂಡ ನಲವತ್ತೈದರ ಹೆಂಗಸು. ಸ್ಕ್ರೀನೇ ಸಮಯ ತೋರಿಸುವ ಕಾಲದಲ್ಲೂ ಆಕೆ ಆ ವಾಚು ಬಿಟ್ಟವಳಲ್ಲ. ಹೆಸರು ಹಾಗೆ ಅಂಟಿತು.

ನಾಲ್ಕು ಯಂತ್ರಗಳಿಗೂ ಅವುಗಳ ಕೋರಿನ ಎಣಿಕೆಯೇ ಹೆಸರು: ನಾಲ್ಕು, ಎಂಟು, ಹದಿನಾರು, ಮೂವತ್ತೆರಡು. ಕೋರು ಅಂದರೆ ಹೆದರಬೇಕಾದ್ದೇನಿಲ್ಲ, ಯಂತ್ರದ ತಲೆಯೊಳಗೆ ಕೂತಿರುವ ಕೆಲಸದಾಳು ಅಂದುಕೊಳ್ಳಿ. ಆಳು ಹೆಚ್ಚಿದಷ್ಟೂ ಕೆಲಸ ಬೇಗ ಮುಗಿಯಬೇಕು. ಮುಗಿಯುತ್ತದೋ ಇಲ್ಲವೋ ಅನ್ನುವುದು ಕೆಲಸ ಹಂಚುವ ಸಾಫ್ಟ್‌ವೇರಿನ ಮೇಲೆ. ಮನೆಯಲ್ಲಿ ಹತ್ತು ಜನ ಇದ್ದೂ ಪಾತ್ರೆ ತೊಳೆಯುವುದು ಒಬ್ಬಳೇ ಅಲ್ಲವೇ, ಹಾಗೆ.

ವಿಡಿಯೊ ಎಡಿಟ್ ಮಾಡುವ ಎರಡು ಸಾಫ್ಟ್‌ವೇರುಗಳನ್ನು ಆಕೆ ವರ್ಷಕ್ಕೆ ಎರಡು ಸಲ ಹೋಲಿಸುತ್ತಿದ್ದಳು. ಹಳೆಯದಕ್ಕೆ ಪತ್ರಿಕೆಯಲ್ಲಿ ‘ಅಜ್ಜ’ ಅನ್ನುತ್ತಿದ್ದರು, ಹೊಸದಕ್ಕೆ ‘ಮರಿ’. ಒಂದೇ ವಿಡಿಯೊ, ಅದೇ ಬಣ್ಣ ತಿದ್ದುಪಡಿ, ಅದೇ ಕತ್ತರಿ ಕೆಲಸ. ಅದನ್ನು ನಾಲ್ಕೂ ಯಂತ್ರದಲ್ಲಿ ಅಜ್ಜನ ಕೈಯಲ್ಲಿ ಒಮ್ಮೆ, ಮರಿಯ ಕೈಯಲ್ಲಿ ಒಮ್ಮೆ ರೆಂಡರ್ ಮಾಡಿಸುವುದು, ಅಂದರೆ ಎಲ್ಲ ತುಣುಕುಗಳನ್ನೂ ಬೆಸೆದು ಒಂದೇ ಫೈಲಾಗಿ ಹೊರಗೆ ತೆಗೆಸುವುದು. ಎಷ್ಟು ನಿಮಿಷ ಹಿಡಿಯಿತು ಅಂತ ಬರೆದರೆ ಪಟ್ಟಿ ತಯಾರು. ಆ ಪಟ್ಟಿ ನೋಡಿ ಎಷ್ಟೋ ಜನ ಯಂತ್ರ ಕೊಳ್ಳುತ್ತಿದ್ದರು. ಗಡಿಯಾರದಕ್ಕ ಬರೆದಳು ಅಂದರೆ ಮುಗಿಯಿತು, ಅದರ ಮೇಲೆ ಅಪೀಲಿಲ್ಲ.

ಪರೀಕ್ಷೆಯ ವಿಡಿಯೊ ಮಾತ್ರ ಎಂಟು ವರ್ಷದಿಂದ ಬದಲಾಗಿರಲಿಲ್ಲ. ಆರು ನಿಮಿಷದ ವಿಡಿಯೊ, ಆಕೆಯೇ ತೆಗೆದದ್ದು. ಮಳೆ ನಿಂತು ಐದು ನಿಮಿಷವಾದ ರಸ್ತೆ. ಒಬ್ಬ ಗಾಜಿನವನು ವ್ಯಾನಿನಿಂದ ದೊಡ್ಡ ಕಿಟಕಿ ಗಾಜನ್ನು ಇಳಿಸುತ್ತಾನೆ, ಅದನ್ನು ಎದೆಗೆ ಒರಗಿಸಿಕೊಂಡು ಗಾಡಿಗಳ ನಡುವೆ ರಸ್ತೆ ದಾಟುತ್ತಾನೆ, ಖಾಲಿ ಚೌಕಟ್ಟಿಗೆ ಕೂರಿಸುತ್ತಾನೆ, ಒರೆಸುತ್ತಾನೆ. ಗಾಜಿನೊಳಗೆ ಇಡೀ ರಸ್ತೆ ಓಡುತ್ತದೆ. ಬಸ್ಸು, ಕೊಡೆ, ಮೋಡ, ಎಲ್ಲವೂ ತಲೆಕೆಳಗು ಆದಂತೆ ವಾಲುತ್ತವೆ. ಇಂಥದ್ದನ್ನು ಲೆಕ್ಕ ಹಾಕುವಷ್ಟರಲ್ಲಿ ಯಂತ್ರಕ್ಕೆ ಬೆವರು ಕಿತ್ತುಬರುತ್ತದೆ. ಪರೀಕ್ಷೆಗೆ ಇದಕ್ಕಿಂತ ಒಳ್ಳೆ ವಿಡಿಯೊ ಬೇಕೇ?

ಗಾಜಿನವನು ಆಕೆಯ ಗಂಡ. ಆರು ವರ್ಷದ ಹಿಂದೆ ಒಂದು ಬೆಳಗ್ಗೆ ಶೂ ಲೇಸು ಕಟ್ಟಲು ಬಗ್ಗಿದವನು ಎದೆ ಹಿಡಿದುಕೊಂಡು ಕೂತ, ಮತ್ತೆ ಏಳಲಿಲ್ಲ.

ಅಯ್ಯೋ, ವಿಡಿಯೊ ಇದೆಯಲ್ಲ, ಮನೆಯಲ್ಲಿ ಹಾಕಿಕೊಂಡು ನೋಡಬಾರದಾ ಅಂತ ನೀವು ಕೇಳಬಹುದು. ಕೇಳುವುದು ಸುಲಭ. ಆಕೆ ಒಂದು ಸಲ ಪ್ರಯತ್ನಿಸಿದ್ದಳು. ವ್ಯಾನಿನ ಬಾಗಿಲು ತೆರೆಯುವಷ್ಟರಲ್ಲಿ ಲ್ಯಾಪ್‌ಟಾಪು ಮುಚ್ಚಿಬಿಟ್ಟಿದ್ದಳು. ಬೇಕು ಅಂತಲೇ ಕೂತು ನೋಡಿದರೆ ಅವನು ಸತ್ತವನು. ಕೆಲಸದಲ್ಲಿ ನೋಡಿದರೆ ಹಾಗಲ್ಲ, ಅವನು ಗಾಜು ಹೊತ್ತು ರಸ್ತೆ ದಾಟುತ್ತಿರುವವನು, ಆಕೆ ಸಮಯ ಹಿಡಿಯುತ್ತಿರುವವಳು, ಇಬ್ಬರೂ ಡ್ಯೂಟಿಯಲ್ಲಿ. ಯಾರೂ ಬಂದು ಭುಜ ಮುಟ್ಟಿ ಅಯ್ಯೋ ಪಾಪ ಅನ್ನುವುದಿಲ್ಲ.

ರೆಂಡರ್ ಮಾಡುವಾಗ ಪಕ್ಕದಲ್ಲಿ ಒಂದು ಪುಟ್ಟ ಕಿಟಕಿ ತೆರೆಯಬಹುದು, ಪ್ರಿವ್ಯೂ ಅಂತ. ತಯಾರಾಗುತ್ತಿರುವ ಚಿತ್ರ ಅಲ್ಲಿ ಕಾಣುತ್ತದೆ. ಪರೀಕ್ಷೆ ಮಾಡುವವರು ಅದನ್ನು ಮುಚ್ಚಿಯೇ ಕೆಲಸ ಮಾಡಬೇಕು, ಯಾಕೆಂದರೆ ತೋರಿಸುವ ಕೆಲಸಕ್ಕೂ ಯಂತ್ರದ ಸಮಯ ಹೋಗುತ್ತದೆ. ಈ ನಿಯಮ ಬರೆದವಳೇ ಗಡಿಯಾರದಕ್ಕ. ಪರೀಕ್ಷೆಯ ಹಾಳೆಯಲ್ಲಿ ‘ಪ್ರಿವ್ಯೂ ಮುಚ್ಚಿದೆ’ ಅಂತ ಒಂದು ಚೌಕ ಹಾಕಿ, ಅಲ್ಲಿ ಟಿಕ್ ಮಾಡದೆ ಯಾರೂ ಮುಂದೆ ಹೋಗಬಾರದು ಅಂತ ಕಟ್ಟಪ್ಪಣೆ ಮಾಡಿದ್ದಳು. ಅವನು ಹೋದ ಮೇಲೆ ಮೊದಲ ಪರೀಕ್ಷೆಯಲ್ಲಿ, ಮರಿ ಹೊಸದಾಗಿ ಬಂದ ವರ್ಷ ಅದು, ಕಿಟಕಿ ಮರೆತು ತೆರೆದೇ ಉಳಿಯಿತು. ಎರಡನೇ ಸಲ ಮರೆವಲ್ಲ. ಚೌಕದಲ್ಲಿ ಟಿಕ್ ಹಾಕಿದಳು, ಕಿಟಕಿಯನ್ನೂ ತೆರೆದಳು. ಆರು ವರ್ಷ ಹಾಗೆಯೇ ನಡೆಯಿತು.

ಮತ್ತೆ ಒಂದು ಸುಖ ಇತ್ತು, ಅದನ್ನೂ ಹೇಳಿಬಿಡುತ್ತೇನೆ. ಅಜ್ಜ ಜಿಪುಣ, ಇಪ್ಪತ್ತು ಚಿತ್ರಕ್ಕೆ ಒಂದು ತೋರಿಸಿ ಕೈ ತೊಳೆದುಕೊಳ್ಳುತ್ತಿದ್ದ. ಮರಿ ಹಾಗಲ್ಲ, ಒಂದೊಂದು ಚಿತ್ರವನ್ನೂ ಸಾಲಾಗಿ ತೋರಿಸುತ್ತಿತ್ತು. ನಾಲ್ಕು ಕೋರಿನ ಯಂತ್ರದಲ್ಲಿ ಮರಿಗೆ ಹದಿನೇಳು ನಿಮಿಷ ಹಿಡಿಯುತ್ತಿತ್ತು, ಅಂದರೆ ಅವನು ಮೂರು ಪಟ್ಟು ನಿಧಾನವಾಗಿ ನಡೆಯುತ್ತಿದ್ದ. ಒಂದು ಸಲ ಕಣ್ಣು ಮಿಟುಕಿಸಿದರೆ ರೆಪ್ಪೆ ಇಳಿಯುವುದನ್ನೂ ಏಳುವುದನ್ನೂ ಬೇರೆ ಬೇರೆ ನೋಡಬಹುದಿತ್ತು. ರಸ್ತೆಯ ನಡುವೆ ಒಂದು ಕಡೆ ಗಾಜು ವಾಲಿದಾಗ, ಕ್ಯಾಮೆರಾ ಹಿಡಿದು ನಿಂತ ಆಕೆಯೇ ಅದರೊಳಗೆ ಕಾಣುತ್ತಿದ್ದಳು, ಅವನ ಎದೆಯ ಮೇಲೆ ಸರಿಯಾಗಿ. ಆ ಜಾಗ ಬಂದಾಗ ಆಕೆ ಉಸಿರಾಡುತ್ತಿರಲಿಲ್ಲ. ಎಂಟು ಕೋರಿನಲ್ಲಿ ಆ ಹದಿನೇಳು ಹತ್ತು ನಿಮಿಷಕ್ಕಿಳಿಯುತ್ತಿತ್ತು. ಆಮೇಲೆ ಹದಿನಾರಾಗಲಿ ಮೂವತ್ತೆರಡಾಗಲಿ, ಒಂಬತ್ತೂವರೆಗಿಂತ ಕೆಳಗಿಳಿಯುತ್ತಿರಲಿಲ್ಲ. ಸದ್ಯ, ಇಷ್ಟಕ್ಕಾದರೂ ನಿಂತಿತಲ್ಲ ಅಂತ ಆಕೆಗೆ ಒಳಗೊಳಗೇ ಸಮಾಧಾನ. ಆದರೆ ಪಟ್ಟಿಯ ಕೆಳಗೆ ಬರೆಯಬೇಕಾದ್ದನ್ನು ಬರೆಯುತ್ತಿದ್ದಳು: ‘ಎಂಟು ಕೋರಿನ ಆಚೆಗೆ ಮರಿಯಿಂದ ಲಾಭವಿಲ್ಲ. ದೊಡ್ಡ ಯಂತ್ರ ಕೊಳ್ಳುವುದು ವ್ಯರ್ಥ.’ ಮೆಚ್ಚಿದ ಕೂಸಿಗೇ ಫೇಲ್ ಮಾರ್ಕು ಹಾಕಿದ ಹಾಗೆ.

ಒಂದು ಮಂಗಳವಾರ ಓದುಗರೊಬ್ಬರ ಪತ್ರ ಬಂತು. ಯಾವುದೋ ಎಡಿಟಿಂಗ್ ಆಫೀಸಿನಲ್ಲಿ ಕೆಲಸ ಮಾಡುವ ಹೆಂಗಸು. ಪತ್ರ ಓದಿ ಹೇಳಿದವನು ಜೋಡಿ ಕನ್ನಡಕ. ಇವನೂ ಪರೀಕ್ಷೆ ವಿಭಾಗದವನೇ, ಗಡಿಯಾರದಕ್ಕನಿಗಿಂತ ಎರಡು ವರ್ಷ ಚಿಕ್ಕವನು; ದೂರಕ್ಕೊಂದು, ಹತ್ತಿರಕ್ಕೊಂದು ಕನ್ನಡಕ ಇಟ್ಟುಕೊಂಡು, ಬೇಕಾದದ್ದು ಯಾವಾಗಲೂ ಹಣೆಯ ಮೇಲಿರುವಾಗ ಇಡೀ ಕೋಣೆ ಹುಡುಕುವ ಆಸಾಮಿ. ರೆಂಡರ್ ಆಗಿ ಬಂದ ಫೈಲುಗಳನ್ನು ಸದ್ದು ಹಾಕಿ ಕೊನೆವರೆಗೂ ಓಡಿಸಿ, ಎಲ್ಲೂ ಚಿತ್ರ ಹಾರಿಲ್ಲ ಅಂತ ಖಾತ್ರಿ ಮಾಡುವುದು ಅವನ ಪಾಲಿನ ಕೆಲಸ.

“ಅಕ್ಕಾ, ಇದು ಸ್ವಲ್ಪ ಖಾರವಾಗಿದೆ,” ಅಂದ.

“ಓದು. ನಾನೇನು ಕರಗಿಹೋಗಲ್ಲ.”

ಅವನು ಓದಿದ. “‘ನಿಮ್ಮ ಪಟ್ಟಿ ತೋರಿಸಿ ನಮ್ಮ ಮೇಲಿನವರು ದೊಡ್ಡ ಯಂತ್ರ ಬೇಡ ಅಂದರು. ಎಂಟು ಕೋರಿನಲ್ಲೇ ಮರಿಯನ್ನು ಓಡಿಸುತ್ತ ನಾಲ್ಕು ವರ್ಷದಿಂದ ದಿನಕ್ಕೆರಡು ಗಂಟೆ ಬರೀ ಕಾಯುತ್ತಿದ್ದೇನೆ. ಸ್ಕೂಲು ಬಿಟ್ಟ ಮೇಲೆ ನನ್ನ ಮಗಳು ಗೇಟಿನ ಹತ್ತಿರ ಕೊನೆಯವಳಾಗಿ ನಿಂತಿರುತ್ತಾಳೆ. ಕಳೆದ ವಾರ ಗೆಳತಿಯ ಮೂವತ್ತೆರಡು ಕೋರಿನ ಯಂತ್ರದಲ್ಲಿ ಅದೇ ಕೆಲಸ ಹಾಕಿ ನೋಡಿದೆ. ಎರಡು ಗಂಟೆಯದ್ದು ಅರ್ಧ ಗಂಟೆಯೊಳಗೆ ಮುಗಿಯಿತು. ನೀವು ಏನು ಅಳೆದಿರಿ?’”

ಗಡಿಯಾರದಕ್ಕ ಪತ್ರವನ್ನು ಅವನ ಕೈಯಿಂದ ತೆಗೆದುಕೊಂಡಳು. ಏನು ಅಳೆದಿರಿ ಅಂತ ಕೇಳಿದ್ದಾಳೆ ಪುಣ್ಯಾತ್ಗಿತ್ತಿ. ಏನು ಅಂತ ಹೇಳುವುದು?

“ಸುಳ್ಳು ಹೇಳ್ತಿರಬಹುದು,” ಅಂದ ಜೋಡಿ ಕನ್ನಡಕ.

“ಸುಳ್ಳಲ್ಲ.”

ಆಕೆಗೆ ಅರ್ಥವಾಗಿತ್ತು, ಓದುವಾಗಲೇ ಅರ್ಥವಾಗಿತ್ತು. ರಾಶಿ ಬಟಾಣಿ ಸುಲಿಯಲು ಮೂವತ್ತೆರಡು ಜನ ಕೂತಿದ್ದಾರೆ ಅಂದುಕೊಳ್ಳಿ. ಬಾಗಿಲಲ್ಲಿ ಒಬ್ಬಳು ನಿಂತು, ಒಂದೊಂದು ಕಾಳನ್ನೂ ನನಗೆ ಸಾಲಾಗಿ ತೋರಿಸಿಯೇ ಬುಟ್ಟಿಗೆ ಹಾಕಿ ಅಂದರೆ ಏನಾಗುತ್ತದೆ? ಎಲ್ಲರೂ ಕೈ ಕಟ್ಟಿಕೊಂಡು ಸರದಿ ಕಾಯುತ್ತಾರೆ. ಪ್ರಿವ್ಯೂ ತೆರೆದಿದ್ದರಿಂದ ಮರಿ ಒಂದೊಂದು ಚಿತ್ರವನ್ನೂ ಸಾಲು ತಪ್ಪದೆ ಆಕೆಯ ಮುಂದೆ ಹಿಡಿಯಬೇಕಿತ್ತು. ಅಜ್ಜ ಜಿಪುಣನಾದ್ದರಿಂದ ಬಚಾವಾದ. ಮರಿ ಧಾರಾಳಿಯಾದ್ದರಿಂದ ಸೋತಿತು. ಯಂತ್ರದ ಮಿತಿ ಅಂತ ಆಕೆ ಊರಿಗೆಲ್ಲ ಸಾರಿದ್ದು ತನ್ನ ಕಣ್ಣಿನ ಆಸೆಯನ್ನು.

ಊಟದ ಹೊತ್ತಿನಲ್ಲಿ ಎಲ್ಲರೂ ಕೆಳಗಿಳಿದಾಗ ಆಕೆ ಒಬ್ಬಳೇ ಮೇಜಿನ ಹತ್ತಿರ ಕೂತಳು. ಇನ್ನು ಸುಮ್ಮನಿದ್ದುಬಿಡಬಹುದು. ನಮ್ಮ ಅಳತೆ ಸರಿಯಾಗಿದೆ, ನಿಮ್ಮ ಕೆಲಸ ಬೇರೆ ಥರದ್ದು ಅಂತ ಎರಡು ಸಾಲು ಉತ್ತರ ಬರೆದರೆ ಯಾರು ಬಂದು ನೋಡುತ್ತಾರೆ? ಆಗ ಮುಂದಿನ ಪರೀಕ್ಷೆಗೂ ಅವನು ಇರುತ್ತಾನೆ, ಆಮೇಲಿನದಕ್ಕೂ ಇರುತ್ತಾನೆ. ನಿಜ ಹೇಳಿದರೆ ಕಿಟಕಿ ಮುಚ್ಚಬೇಕು, ಮುಚ್ಚಿದರೆ ಅವನಿಲ್ಲ. ವರ್ಷಕ್ಕೆರಡು ಸಲ ಸಿಗುತ್ತಿದ್ದ ಗಂಡ ಇನ್ನು ಅಷ್ಟೂ ಸಿಗುವುದಿಲ್ಲ. ಆಕೆಗೆ ಅವನು ಬೇಕಿತ್ತು, ಇದರಲ್ಲಿ ಸುತ್ತಿ ಬಳಸಿ ಹೇಳುವುದೇನಿಲ್ಲ. ಅವನ ತೋಳಿನ ತುಂಬ ಗಾಜಿನ ಗೀರುಗಳು ಇರುತ್ತಿದ್ದವು, ಅವನ ಮೈಗೆ ಗಾಜು ಕೂರಿಸಲು ಚೌಕಟ್ಟಿಗೆ ಮೆತ್ತುವ ಪುಟ್ಟಿಯ ಎಣ್ಣೆ ವಾಸನೆ ಇರುತ್ತಿತ್ತು, ಆ ವಾಸನೆ ದಿಂಬಿನಿಂದ ಹೋಗಿ ಐದು ವರ್ಷವಾಗಿತ್ತು. ಉಳಿದದ್ದು ಆ ಪುಟ್ಟ ಕಿಟಕಿ ಒಂದೇ.

ಆದರೆ ಸ್ಕೂಲು ಗೇಟಿನ ಹತ್ತಿರ ನಿಂತ ಆ ಹುಡುಗಿ ಕಣ್ಣೆದುರಿನಿಂದ ಕದಲಲಿಲ್ಲ. ಇಲ್ಲದ ಗಂಡನ ಜೊತೆ ತಾನು ಕಳೆದ ಹೊತ್ತಿನ ಬೆಲೆಗೆ, ಅಲ್ಲಿ ಯಾರೋ ಒಬ್ಬಳು ಇರುವ ಮಗಳನ್ನು ಕಾಯಿಸಿದ್ದಾಳೆ. ನಾಲ್ಕು ವರ್ಷ, ದಿನಕ್ಕೆರಡು ಗಂಟೆ. ತೆರೆದ ಊಟದ ಡಬ್ಬಿ ಹಾಗೇ ಮುಚ್ಚಿ ಎದ್ದು ಸಂಪಾದಕರ ಕೋಣೆಗೆ ಹೋದಳು.

ಸಂಪಾದಕರು ಒಳ್ಳೆಯವರು, ಅವಸರದವರು. ಕೇಳಿ ತಲೆ ಮೇಲೆ ಕೈ ಹೊತ್ತರು. “ಆರು ವರ್ಷಾನಾ? ಪ್ರತಿ ಸಲಾನಾ? ಏನಮ್ಮಾ ನೀನು! ನಿನ್ನ ಮೇಲೆ ಕಣ್ಣು ಮುಚ್ಚಿ ನಂಬಿಕೆ ಇಟ್ಟಿದ್ನಲ್ಲ!”

“ಟಿಕ್ ಹಾಕಿದ್ದೂ ನಾನೇ ಸಾರ್. ಮರೆತು ಅಲ್ಲ.”

“ಯಾಕೆ ಅಂತಾದ್ರೂ ಹೇಳು.”

ಆಕೆ ಹೇಳಿದಳು. ಅವರು ಕಿಟಕಿ ಕಡೆ ತಿರುಗಿ ಕೂತರು. ಪರೀಕ್ಷೆಯ ಗಾಜಿನವನು ಯಾರು ಅಂತ ಅವರಿಗೆ ಗೊತ್ತೇ ಇರಲಿಲ್ಲ. ಯಾವನೋ ದಾರಿಹೋಕ ಅಂದುಕೊಂಡಿದ್ದರಂತೆ. “ಮತ್ತೆ ಓಡಿಸು,” ಅಂದರು. “ಮುಚ್ಚಿ ಓಡಿಸು. ಆಮೇಲೆ ತಿದ್ದುಪಡಿ ಹಾಕೋಣ.”

ಮರುದಿನ ಬೆಳಗ್ಗೆ ಮೂವತ್ತೆರಡರ ಮುಂದೆ ಸಂಪಾದಕರು, ಜೋಡಿ ಕನ್ನಡಕ, ಆಕೆ, ಮೂವರೂ ನಿಂತರು. ಗಡಿಯಾರದಕ್ಕ ಮರಿಯನ್ನು ತೆರೆದಳು, ಪ್ರಿವ್ಯೂ ಮುಚ್ಚಿದಳು, ಚೌಕದಲ್ಲಿ ಟಿಕ್ ಹಾಕಿದಳು, ವಾಚು ಒತ್ತಿದಳು. ಪುಟ್ಟ ಕಿಟಕಿ ಇದ್ದ ಜಾಗದಲ್ಲಿ ಬೂದು ಬಣ್ಣ. ಕೆಳಗೆ ಹಸಿರು ಪಟ್ಟಿ ಮುಂದೆ ಮುಂದೆ ಹೋಗತೊಡಗಿತು. ಯಂತ್ರದ ಫ್ಯಾನು ಹಿಂದೆಂದೂ ಕೇಳದ ಹಾಗೆ ಬೊಬ್ಬೆ ಹಾಕಿತು. ಇಷ್ಟು ವರ್ಷ ಕೈ ಕಟ್ಟಿ ಕೂತಿದ್ದ ಆಳುಗಳೆಲ್ಲ ಒಟ್ಟಿಗೆ ಎದ್ದಿದ್ದರು.

ಎಷ್ಟು ಶೇಕಡ ಆದಾಗ ಅವನು ಎಲ್ಲಿರುತ್ತಾನೆ ಅಂತ ಆಕೆಗೆ ಬಾಯಿಪಾಠ. ಇಪ್ಪತ್ತಕ್ಕೆ ವ್ಯಾನಿನ ಪಕ್ಕ, ನಲವತ್ತಕ್ಕೆ ರಸ್ತೆಯ ನಡುವೆ. ಅದೇ ಧೈರ್ಯದ ಮೇಲೆ ನಿಂತಿದ್ದಳು, ಕಾಣದಿದ್ದರೇನು ಮನಸ್ಸಲ್ಲೇ ಜೊತೆಗೆ ನಡೆದರಾಯಿತು ಅಂತ. ಆದರೆ ಕಿಟಕಿ ಮುಚ್ಚಿದ ಮೇಲೆ ಮರಿ ಸಾಲಾಗಿ ಕೆಲಸ ಮಾಡುವುದಿಲ್ಲ. ಮೂವತ್ತೆರಡು ಆಳುಗಳು ಅವನನ್ನು ಮೂವತ್ತೆರಡು ಚೂರಾಗಿ ಹಂಚಿಕೊಂಡಿದ್ದರು. ಒಬ್ಬನ ಕೈಯಲ್ಲಿ ಅವನು ಇನ್ನೂ ವ್ಯಾನಿನಿಂದ ಗಾಜು ಇಳಿಸುತ್ತಿದ್ದ, ಇನ್ನೊಬ್ಬನ ಕೈಯಲ್ಲಿ ಆಗಲೇ ಕಿಟಕಿ ಒರೆಸುತ್ತಿದ್ದ. ಅವನು ಈಗ ಎಲ್ಲಿದ್ದಾನೆ ಅಂತ ಕೇಳಿದರೆ ಹೇಳುವ ಹಾಗೇ ಇರಲಿಲ್ಲ. ಆಕೆ ಮೇಜಿನ ಅಂಚು ಹಿಡಿದುಕೊಂಡಳು.

ಒಂದು ನಿಮಿಷ ಐವತ್ತೆರಡು ಸೆಕೆಂಡು.

“ಅಬ್ಬಾ!” ಅಂದರು ಸಂಪಾದಕರು, ಬೇಕು ಅಂತ ಅಂದದ್ದಲ್ಲ. ಆಮೇಲೆ ನಾಲಗೆ ಕಚ್ಚಿಕೊಂಡರು.

ತಿದ್ದುಪಡಿಯನ್ನು ಆಕೆಯೇ ಬರೆದಳು. ಹೊಸ ಅಂಕಿಗಳು, ಹಳೆ ಅಂಕಿಗಳು, ಮರಿಗೆ ಮೂವತ್ತೆರಡು ಕೋರು ದಂಡವಲ್ಲ ಅನ್ನುವ ಮಾತು, ಓದುಗರಲ್ಲಿ ಕ್ಷಮೆಯಾಚನೆ. ಆ ಪತ್ರಿಕೆಯಲ್ಲಿ ತಿದ್ದುಪಡಿಗೆ ‘ತಪ್ಪಿಗೆ ಕಾರಣ’ ಅಂತ ಒಂದು ಸಾಲು ಬರೆಯಲೇಬೇಕು. “ತಾಂತ್ರಿಕ ದೋಷ ಅಂತ ಹಾಕಿಬಿಡು, ಸಾಕು,” ಅಂದರು ಸಂಪಾದಕರು. ಆಕೆ ಹಾಗೆ ಹಾಕಲಿಲ್ಲ. ‘ಪರೀಕ್ಷೆ ಮಾಡಿದವಳು ತೀರಿಹೋದ ಗಂಡನನ್ನು ಪ್ರಿವ್ಯೂನಲ್ಲಿ ನೋಡುತ್ತ ಕೂತಿದ್ದಳು’ ಅಂತ ಬರೆದಳು. ಸಂಪಾದಕರು ಪೆನ್ನು ತೆಗೆದು, ಎರಡು ಸಲ ಓದಿ, ಪೆನ್ನು ಜೇಬಿಗಿಟ್ಟುಕೊಂಡರು. ಅದು ಹಾಗೆಯೇ ಅಚ್ಚಾಯಿತು. ಮುಂದಿನ ಪರೀಕ್ಷೆಗೆ ಹೊಸ ವಿಡಿಯೊ ಹುಡುಕುವ ಕೆಲಸ ಜೋಡಿ ಕನ್ನಡಕನ ಪಾಲಿಗೆ ಬಂತು.

ಶನಿವಾರ ಹೊರಡುವಾಗ ಅವನು ಒಂದು ಪೆನ್‌ಡ್ರೈವು ತಂದು ಆಕೆಯ ಮೇಜಿನ ಮೇಲಿಟ್ಟ. “ಪೂರ್ತಿ ಫೈಲು ಇದೆ ಅಕ್ಕಾ. ಮನೇಲಿ ನೋಡಿ. ಅತ್ತೇನೂ ಕೂರಿಸ್ಕೊಂಡು ನೋಡಿ.”

“ಅತ್ತೆ ಯಾಕೆ?”

“ಸುಮ್ನೆ ಹೇಳ್ದೆ,” ಅಂತ ಹಣೆಯ ಮೇಲಿನ ಕನ್ನಡಕ ಇಳಿಸಿಕೊಂಡು ಹೋಗಿಬಿಟ್ಟ.

ಅತ್ತೆ. ಇಲ್ಲಿವರೆಗೆ ಆಕೆಯ ಮಾತೇ ಎತ್ತಲಿಲ್ಲ ನಾನು. ಗಡಿಯಾರದಕ್ಕನೂ ಎತ್ತಿರಲಿಲ್ಲ, ತಪ್ಪು ಅಲ್ಲೇ ಇರುವುದು. ಒಂದೇ ಮನೆ, ಎರಡು ಹೆಂಗಸರು. ಒಬ್ಬಳು ಗಂಡನನ್ನು ಕಳೆದುಕೊಂಡವಳು, ಇನ್ನೊಬ್ಬಳು ಒಬ್ಬನೇ ಮಗನನ್ನು. ಮಗನ ಹಳೆಯ ಅಂಗಿಗಳನ್ನು ಮುದುಕಿ ಇವತ್ತಿಗೂ ತಿಂಗಳಿಗೊಮ್ಮೆ ಒಗೆದು ಮಡಚಿಡುತ್ತಿದ್ದಳು. ಗೋಡೆಯ ಮೇಲೆ ಒಂದು ಫೋಟೊ ಬಿಟ್ಟರೆ ಆಕೆಗೆ ನೋಡಲು ಏನೂ ಇರಲಿಲ್ಲ. ಮಗ ಆರು ನಿಮಿಷ ನಡೆದಾಡುವ ವಿಡಿಯೊ ಸೊಸೆಯ ಆಫೀಸಿನಲ್ಲಿದೆ ಅಂತ ಆರು ವರ್ಷದಲ್ಲಿ ಒಂದು ದಿನವೂ ಸೊಸೆ ಹೇಳಿರಲಿಲ್ಲ. ಹೇಳಿದರೆ ಹಂಚಿಕೊಳ್ಳಬೇಕಾಗುತ್ತಲ್ಲ.

ಭಾನುವಾರ ಬೆಳಗ್ಗೆ ಕಾಫಿ ಆದ ಮೇಲೆ ಗಡಿಯಾರದಕ್ಕ ಹಾಲಿನ ಮಂಚದ ಮೇಲೆ ಅತ್ತೆಯ ಪಕ್ಕ ಕೂತು ಎಲ್ಲವನ್ನೂ ಹೇಳಿದಳು. ಪ್ರಿವ್ಯೂ, ಟಿಕ್ಕು, ಪತ್ರ, ತಿದ್ದುಪಡಿ. ಕೋರುಗೀರು ಮುದುಕಿಗೆ ಅರ್ಥವಾಗಲಿಲ್ಲ, ಅರ್ಥವಾಗಬೇಕಾದ್ದು ಚೆನ್ನಾಗಿಯೇ ಅರ್ಥವಾಯಿತು. ಸೊಸೆಯ ಮುಖವನ್ನೇ ನೋಡಿದಳು. ಇವತ್ತು ಈ ಮನೆಯಲ್ಲಿ ರಾದ್ಧಾಂತವೇ ಅಂತ ಗಡಿಯಾರದಕ್ಕ ಮೈ ಬಿಗಿ ಹಿಡಿದು ಕೂತಳು.

“ಅದ್ರಲ್ಲಿ ಮಾತಾಡ್ತಾನಾ?” ಅಂತ ಕೇಳಿದಳು ಮುದುಕಿ.

“ಗೊತ್ತಿಲ್ಲ ಅತ್ತೆ. ಕೆಲಸ ಮಾಡುವಾಗ ಸದ್ದು ಬರಲ್ಲ. ಕೊನೇಲಿ ಏನೋ ಅಂದ ಹಾಗಿದೆ, ಆವತ್ತು ನನ್ನ ಗಮನ ಎಲ್ಲ ಕ್ಯಾಮೆರಾ ಮೇಲಿತ್ತು.”

“ಹಾಕು.”

ಹಾಕಿದಳು. ಈ ಸಲ ಅವನು ನಿಧಾನವಾಗಿ ನಡೆಯಲಿಲ್ಲ. ಬದುಕಿದ್ದಾಗ ಹೇಗೆ ನಡೆಯುತ್ತಿದ್ದನೋ ಹಾಗೇ, ದಾಪುಗಾಲು ಹಾಕಿಕೊಂಡು ಬಂದ. ಬಸ್ಸಿನ ಹಾರ್ನು, ಯಾರೋ ಕೂಗಿದ್ದು, ನೀರು ಚಿಮ್ಮಿದ್ದು, ಎಲ್ಲ ಕೇಳಿತು. ಮುದುಕಿ ಸೊಸೆಯ ಮಣಿಕಟ್ಟು ಹಿಡಿದುಕೊಂಡಿದ್ದಳು, ಬಿಡಲಿಲ್ಲ. ಅವನು ಗಾಜು ಎತ್ತಿ ಚೌಕಟ್ಟಿಗೆ ಕೂರಿಸಿದ, ಸುತ್ತ ಪುಟ್ಟಿ ಒತ್ತಿದ, ಬಾಯಿಂದ ಊದಿ ಅಂಗಿ ತೋಳಿನಿಂದ ಗಾಜನ್ನು ಗಸಗಸ ಒರೆಸಿದ. ಆಮೇಲೆ ತೋಳು ತಿರುಗಿಸಿ ನೋಡಿಕೊಂಡ. ಎಣ್ಣೆ ಕಪ್ಪಗೆ ಮೆತ್ತಿತ್ತು. ಕ್ಯಾಮೆರಾ ಕಡೆ ತಿರುಗಿ ಹಲ್ಲು ಕಿರಿದ.

“ಅಮ್ಮಂಗೆ ಹೇಳ್ಬೇಡ ಕಣೇ,” ಅಂದ. “ಒಗೆದೂ ಒಗೆದೂ ಸಾಕಾಗಿದೆ ಅವಳಿಗೆ.”

ಚಿತ್ರ ಅಲ್ಲಿಗೆ ನಿಂತಿತು. ಆ ದನಿ! ಗಡಿಯಾರದಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ಪಕ್ಕದಲ್ಲಿ ಮುದುಕಿಯ ಮೈಯೆಲ್ಲ ಅಲುಗುತ್ತಿತ್ತು; ಅಳುವೋ ನಗುವೋ ಮೊದಲು ಗೊತ್ತಾಗಲಿಲ್ಲ, ನೋಡಿದರೆ ಎರಡೂ.

“ಹಾಳಾದವನು, ಅಂಗಿ ಎಲ್ಲ ಹಿಂಗೇ ಹಾಳು ಮಾಡ್ದ,” ಅಂದಳು ಮುದುಕಿ. ಆಮೇಲೆ ಹಿಡಿದಿದ್ದ ಮಣಿಕಟ್ಟನ್ನು ಒಮ್ಮೆ ಜಗ್ಗಿದಳು. “ನೀನೂ ಹೇಳ್ಲಿಲ್ಲವಲ್ಲೇ ನಂಗೆ.”